ಲಾಕ್‌ಡೌನ್‌ನಲ್ಲಿ ಅಮ್ಮನ ಕಾಲು ಉಳಿಸಿಕೊಂಡದ್ದು

ಸಕ್ಕರೆ ಕಾಯಿಲೆಯಿರುವ ಅಮ್ಮನ ಅಂಗಾಲಿನ ಗಾಯ ಪೂರ್ತಿ ಮುಚ್ಚಿದೆ, ಇನ್ನು ಡ್ರೆಸ್ಸಿಂಗ್ ಬೇಕಿಲ್ಲ ಎಂದು ಡಾಕ್ಟರು ಕೊನೆಗೂ ಹೇಳಿದರು. 2021ರ ಏಪ್ರಿಲ್‌ನಲ್ಲಿ ಆದ ಗಾಯ ಮುಚ್ಚಿದ್ದು ಸೆಪ್ಟೆಂಬರ್ ಕೊನೆಗೆ. ನಡುವೆ ಕೋವಿಡ್ ಎರಡನೇ ಅಲೆ ಬಂತು, ಊರು ಬಾಗಿಲು ಹಾಕಿತು, ಆಸ್ಪತ್ರೆಗಳು ತುಂಬಿದವು, ಅಮ್ಮನ ಒಂದು ಬೆರಳು ಹೋಯಿತು. ಮನೆಯಲ್ಲಿ ಏನು ಮಾಡಿಕೊಳ್ಳಬಹುದು, ಯಾವಾಗ ಮನೆಯಲ್ಲಿ ಕೂರಲೇಬಾರದು, ಹೊರಟರೆ ಯಾವ ಕಾಗದ ಕೈಯಲ್ಲಿರಬೇಕು ಎಂದು ಬಿಡಿಸಿ ಹೇಳುವವರು ಆಗ ನಮಗೆ ಸಿಗಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಇಲ್ಲಿರುವುದು ನಮ್ಮ ಡಾಕ್ಟರು ನಮಗೆ ಹೇಳಿದ್ದು ಮತ್ತು ನಾವು ಪಟ್ಟ ಪಾಡು. ನಿಮ್ಮ ಮನೆಯವರ ಕಾಲಿನ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಬೇಕು.

ನಮ್ಮದು ತಿಪಟೂರಿನ ಕಡೆಯ ಹಳ್ಳಿ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಆಮೇಲೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ಕೊಬ್ಬರಿ ಒಡೆಯುವ ದಿನಗಳಲ್ಲಿ ಅಂಗಳದ ತುಂಬ ಕರಟದ ಚೂರು. ಎಷ್ಟೇ ಗುಡಿಸಿದರೂ ಒಂದೆರಡು ಉಳಿಯುತ್ತವೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಗಿದೆ. ಕಾಲು ಜೋಮು ಹಿಡಿದಂತಿರುತ್ತದೆ, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ ಎಂದು ಆಗಾಗ ಹೇಳುತ್ತಿದ್ದಳು. ಅವಳ ಪಾದದಲ್ಲಿ ಕರಟದ ಚೂರು ಹೊಕ್ಕಿದ್ದನ್ನು ಕಂಡದ್ದು ನನ್ನ ಮಗಳು. ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದವಳನ್ನು ನೋಡಿ "ಅಜ್ಜಿ, ನಿನ್ನ ಕಾಲಲ್ಲಿ ಏನೋ ಚುಚ್ಚಿಕೊಂಡಿದೆ" ಎಂದಳು. ಹೆಬ್ಬೆರಳಿನ ಬುಡದ ಉಬ್ಬಿನಲ್ಲಿ ಉಗುರಿನಷ್ಟಗಲದ ಚೂರು, ಅಂಚು ಮಾತ್ರ ಹೊರಗೆ. ಅದು ಹೊಕ್ಕು ಎಷ್ಟು ದಿನವಾಗಿತ್ತೋ! ಅಮ್ಮ ತಾನೇ ಕಿತ್ತು, ಅರಿಶಿನ ಮೆತ್ತಿ, "ನೋವೇ ಇಲ್ಲ ಕಣೋ, ಯಾಕೆ ಹೆದರುತ್ತೀಯ" ಎಂದಳು.

ಆ ಮಾತನ್ನು ನೀವು ಕೇಳಿದರೆ ಅವತ್ತೇ ಡಾಕ್ಟರ ಬಳಿ ಹೊರಡಿ. ಬೇರೆಯವರಿಗೆ ನೋವಿಲ್ಲವೆಂದರೆ ಒಳ್ಳೆಯ ಸುದ್ದಿ. ಬಹಳ ಕಾಲ ಸಕ್ಕರೆ ಹೆಚ್ಚಿದ್ದವರ ಪಾದದ ನರಗಳು ಸತ್ತಿರಬಹುದು; ಗಾಯದ ಮೇಲೇ ಮೈಭಾರ ಹಾಕಿ ಓಡಾಡುತ್ತಾರೆ, ಒಳಗೆ ಕೀವಾದರೂ ಮುಖ ಕಿವುಚುವುದಿಲ್ಲ.

ಪಟ್ಟಣದ ಡಾಕ್ಟರು ಗಾಯ ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟು, ಆಂಟಿಬಯೋಟಿಕ್ ಬರೆದರು. ದಿನ ಬಿಟ್ಟು ದಿನ ಬಂದು ಡ್ರೆಸ್ಸಿಂಗ್ ಮಾಡಿಸಿಕೊಳ್ಳಿ ಎಂದರು. ಅಷ್ಟರಲ್ಲಿ ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ ಜಾರಿಯಾಯಿತು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ ಮುಂಗಟ್ಟು. ಬಸ್ಸಿಲ್ಲ. ಡ್ರೆಸ್ಸಿಂಗ್ ಮಾಡುತ್ತಿದ್ದ ನರ್ಸ್‌ಗೇ ಪಾಸಿಟಿವ್ ಬಂದು ಕ್ಲಿನಿಕ್ ಮುಚ್ಚಿತು. ಹಳ್ಳಿಗೆ ಬಂದು ಮಾಡಿಕೊಡಿ ಎಂದು ಇಬ್ಬರನ್ನು ಕೇಳಿದೆ. ಇಬ್ಬರೂ ಆಗುವುದಿಲ್ಲ ಎಂದರು. ಅವರನ್ನು ದೂರುವಂತೆಯೂ ಇರಲಿಲ್ಲ, ಊರೂರಲ್ಲಿ ಸಾವಿನ ಸುದ್ದಿ.

ಅಮ್ಮನ ಸಕ್ಕರೆ ಡಾಕ್ಟರು ತುಮಕೂರಿನವರು. ಫೋನಿನಲ್ಲೇ ನೋಡುತ್ತೇನೆ, ಫೋಟೊ ಕಳಿಸಿ ಎಂದರು. ನಾನು ಕಳಿಸಿದ ಮೊದಲ ಫೋಟೊ ನೋಡಿ, "ಇದು ಕಾಲೋ ಬದನೆಕಾಯಿಯೋ ಗೊತ್ತಾಗುತ್ತಿಲ್ಲ" ಎಂದು ನಕ್ಕರು. ಆಮೇಲೆ ಅವರು ಕಲಿಸಿದ ಕ್ರಮ ಹೀಗಿತ್ತು: ಗಾಯವನ್ನು ಸಲೈನ್‌ನಲ್ಲಿ ತೊಳೆದ ಮೇಲೆ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಗಾಯದ ಪಕ್ಕದಲ್ಲಿ, ಚರ್ಮಕ್ಕೆ ತಾಗದಂತೆ, ಮಕ್ಕಳ ಸ್ಕೇಲ್ ಹಿಡಿಯಬೇಕು. ಇಲ್ಲದಿದ್ದರೆ ಹೋದ ವಾರಕ್ಕಿಂತ ದೊಡ್ಡದಾಯಿತೇ ಚಿಕ್ಕದಾಯಿತೇ ತಿಳಿಯುವುದಿಲ್ಲ. ಒಂದು ಹತ್ತಿರದಿಂದ, ಒಂದು ಇಡೀ ಅಂಗಾಲು, ಒಂದು ಮೇಲ್ಪಾದ, ಕೊನೆಗೆ ಎರಡೂ ಪಾದ ಒಟ್ಟಿಗೆ, ಊತ ಹೋಲಿಸಲು. ಜೊತೆಗೆ ಆ ದಿನದ ಜ್ವರ, ಬೆಳಗಿನ ಸಕ್ಕರೆ, ಊಟವಾದ ಎರಡು ಗಂಟೆಯ ಸಕ್ಕರೆ. ಇಷ್ಟಿದ್ದರೆ ಡಾಕ್ಟರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ, ನಿಮಗೂ ಹತ್ತು ಸಲ ಫೋನ್ ಮಾಡುವ ತಾಪತ್ರಯವಿಲ್ಲ.

ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚೀಟಿಗೆ ಮೆಡಿಕಲ್ ಸ್ಟೋರಿನವರು ಔಷಧ ಕೊಡಲಿಲ್ಲ. ಫೋನಿನ ಮೂಲಕ ವೈದ್ಯರು ಸಲಹೆ ಕೊಟ್ಟು ಔಷಧ ಬರೆಯಬಹುದು ಎಂಬ ಕೇಂದ್ರದ ಮಾರ್ಗಸೂಚಿ 2020ರ ಮಾರ್ಚ್ 25ರಂದೇ ಬಂದಿತ್ತು. ಆದರೆ ಬಿಳಿ ಹಾಳೆಯ ಮೇಲೆ ಗೀಚಿದ ಎರಡು ಹೆಸರನ್ನು ಯಾರೂ ಒಪ್ಪುವುದಿಲ್ಲ. ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, ಸಹಿ, ತಾರೀಖು, ರೋಗಿಯ ಹೆಸರು ಮತ್ತು ವಯಸ್ಸು ಇರುವ ಚೀಟಿ ಕೇಳಿ ತರಿಸಿಕೊಂಡ ಮೇಲೆ ತೊಂದರೆಯಾಗಲಿಲ್ಲ. ಮುಂದೆ ಪೊಲೀಸರ ಬಳಿಯೂ ಅದೇ ಚೀಟಿ ಕೆಲಸಕ್ಕೆ ಬಂತು.

ಡ್ರೆಸ್ಸಿಂಗ್ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದರಿಂದ ಬೆಳಗಿನ ಹೊತ್ತು ಬಿಡುವಿತ್ತು. ಕೈ ಸೋಪಿನಲ್ಲಿ ತೊಳೆದು, ಮಾಸ್ಕ್ ಹಾಕಿ, ಗ್ಲೌಸ್ ತೊಟ್ಟು ಹಳೆಯ ಪಟ್ಟಿ ಬಿಚ್ಚುವುದು. ಅಂಟಿಕೊಂಡಿದ್ದರೆ ಎಳೆಯದೆ ಸಲೈನ್ ಸುರಿದು ನೆನೆಸುವುದು. ಗ್ಲೌಸ್ ಬದಲಿಸಿ, ಗಾಜ್ ಬಟ್ಟೆಯಿಂದ ಗಾಯವನ್ನು ಒಳಗಿನಿಂದ ಹೊರಕ್ಕೆ ಒರೆಸುವುದು. ಬೆರಳ ಸಂದಿಯಲ್ಲಿ ಒದ್ದೆ ಉಳಿಯದಂತೆ ಒತ್ತಿ ಒಣಗಿಸುವುದು. ಸಲೈನ್‌ನ ದೊಡ್ಡ ಬಾಟಲಿ ಅಗ್ಗವೆಂದು ತರಬೇಡಿ. ಒಮ್ಮೆ ತೆರೆದದ್ದನ್ನು ದಿನಗಟ್ಟಲೆ ಇಟ್ಟುಕೊಳ್ಳುವಂತಿಲ್ಲ, 100 ಮಿಲಿಯ ಬಾಟಲಿಯೇ ಲೇಸು. ಹೈಡ್ರೋಜನ್ ಪೆರಾಕ್ಸೈಡ್ ಬುಸಬುಸನೆ ನೊರೆ ಬರಿಸುವುದನ್ನು ನೋಡಿ ಗಾಯ ಸ್ವಚ್ಛವಾಯಿತು ಎಂದು ನೆರೆಯವರು ಸಂತೋಷಪಡುತ್ತಾರೆ. ಅದು ಕೊಳೆಯ ಜೊತೆ ಹೊಸ ಮಾಂಸವನ್ನೂ ಸುಡುತ್ತದೆ ಎಂದು ಡಾಕ್ಟರು ಬೇಡವೆಂದರು. ಅರಿಶಿನ, ಸುಣ್ಣ, ಸ್ಪಿರಿಟ್ಟಿಗೂ ಅದೇ ಮಾತು. ಬಿಸಿನೀರಿನಲ್ಲಿ ಕಾಲಿಡುವುದಂತೂ ಕೂಡದು, ಬೆಂದರೂ ಗೊತ್ತಾಗುವುದಿಲ್ಲ.

ನಮ್ಮ ದೊಡ್ಡ ಹೋರಾಟ ನಡೆದದ್ದು ಬಚ್ಚಲು ಮನೆಯ ದಾರಿಯಲ್ಲಿ. ಗಾಯ ಇರುವುದು ಅಂಗಾಲಿನ ಮುಂಭಾಗದಲ್ಲಿ, ನಮ್ಮದು ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಕೂತು ಏಳುವಾಗ ಇಡೀ ಮೈಭಾರ ಬೀಳುವುದು ಅದೇ ಜಾಗದ ಮೇಲೆ. ಎಷ್ಟೇ ಒಳ್ಳೆಯ ಔಷಧ ಹಚ್ಚಿದರೂ ಆ ಭಾರ ಇಳಿಯದೆ ಗಾಯ ಮಾಯುವುದಿಲ್ಲ, ಔಷಧ ಆಮೇಲಿನ ಮಾತು ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಿದ್ದರು. ಕಮೋಡ್ ಕುರ್ಚಿ ಕೊಳ್ಳೋಣವೆಂದರೆ ಅಂಗಡಿಯಿಲ್ಲ. ಊರಿನ ಬಡಗಿಯನ್ನು ಕರೆದು ಗಟ್ಟಿಯಾದ ಪ್ಲಾಸ್ಟಿಕ್ ಕುರ್ಚಿಯ ನಡುವೆ ರಂಧ್ರ ಕೊರೆಸಿ, ಅಂಚನ್ನು ಉಜ್ಜಿಸಿ, ಕಾಲುಗಳಿಗೆ ಹಲಗೆ ಕಟ್ಟಿಸಿದೆ. ಇನ್ನೂರು ರೂಪಾಯಿ ತೆಗೆದುಕೊಂಡರು. ಇಡೀ ಪ್ರಕರಣದಲ್ಲಿ ಖರ್ಚಿಗಿಂತ ಹೆಚ್ಚು ಫಲ ಕೊಟ್ಟದ್ದು ಅದೊಂದೇ. ಅದೇ ಪಾಯಿಖಾನೆ ನಿಮ್ಮ ಮನೆಯಲ್ಲಿದ್ದರೆ ಮುಲಾಮು ಹುಡುಕುವ ಮೊದಲು ಕುರ್ಚಿ ಹುಡುಕಿ.

ಮೇ ಮೊದಲ ವಾರ ಕಳೆಯುವ ಹೊತ್ತಿಗೆ ಹೆಬ್ಬೆರಳಿನ ಪಕ್ಕದ ಬೆರಳು ಊದಿಕೊಂಡಿತು. ಮೊದಲು ಕೆಂಪು, ಮರುದಿನ ನೇರಳೆ. ಪಟ್ಟಿ ಬಿಚ್ಚಿದಾಗ ಹಿಂದೆಂದೂ ಇರದಿದ್ದ ಒಂದು ವಾಸನೆ. ಜ್ವರವಿರಲಿಲ್ಲ, ನೋವೂ ಇರಲಿಲ್ಲ. ಸಕ್ಕರೆ ಮಾತ್ರ 380 ದಾಟಿತ್ತು. ಇನ್ಸುಲಿನ್ ಪ್ರಮಾಣ ಅದೇ, ಊಟವೂ ಅದೇ, ಆದರೂ ಸಕ್ಕರೆ ಏರುತ್ತಿದ್ದರೆ ಒಳಗೆ ಸೋಂಕು ಹರಡುತ್ತಿರಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಫೋಟೊ ನೋಡಿದವರೇ ಫೋನ್ ಮಾಡಿದರು: "ಇದು ಇನ್ನು ಫೋನಿನ ಕೆಲಸವಲ್ಲ. ಕಾಲುಂಗುರ ಈಗಲೇ ತೆಗೆಸಿ. ನಾಳೆ ಬೆಳಿಗ್ಗೆ ಹೊರಡಿ."

ಕಾಲುಂಗುರ ಊದಿದ ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು. ಸೋಪಿನ ನೀರಿಗೂ ಎಣ್ಣೆಗೂ ಜಗ್ಗಲಿಲ್ಲ. ಅದಕ್ಕಿಂತ ಮೊದಲು ಅಮ್ಮನೇ ಜಗ್ಗಲಿಲ್ಲ. "ನಿಮ್ಮಪ್ಪ ಎದುರಿಗೆ ಕೂತಿರುವಾಗ ಕಾಲುಂಗುರ ತೆಗೆಯುವುದೇ? ಕಾಲು ಹೋದರೂ ಹೋಗಲಿ" ಎಂದು ಹಟ ಹಿಡಿದಳು. ನಾನೂ ನನ್ನ ಹೆಂಡತಿಯೂ ಹೇಳಿ ಸೋತೆವು. ಅಪ್ಪ ಮಾತು ಕಡಿಮೆಯ ಮನುಷ್ಯ. ಎದ್ದು ಬಂದು ಅವಳ ಕಾಲ ಬಳಿ ಕುಳಿತು, "ನಾನೇ ಹಾಕಿದ್ದು, ನಾನೇ ಹೇಳುತ್ತಿದ್ದೇನೆ, ತೆಗೆಸು" ಎಂದರು. ಅಮ್ಮ ಮುಖ ಆ ಕಡೆ ತಿರುಗಿಸಿದಳು. ಅದೇ ಒಪ್ಪಿಗೆ ಎಂದುಕೊಂಡು ನಾನು ಅಕ್ಕಸಾಲಿಗರ ಮನೆಗೆ ಓಡಿದೆ. ಅಂಗಡಿ ಮುಚ್ಚಿದ್ದರೂ ಅವರು ಸಣ್ಣ ಕತ್ತರಿಯೊಂದನ್ನು ಜೇಬಿಗೆ ಹಾಕಿಕೊಂಡು ಬಂದರು. ಬೆಳ್ಳಿಗೂ ಚರ್ಮಕ್ಕೂ ನಡುವೆ ತೆಳ್ಳನೆಯ ತಗಡು ತೂರಿಸಿ, ಎರಡು ಕಡೆ ಕತ್ತರಿಸಿ, ಎರಡು ತುಂಡಾಗಿ ಎತ್ತಿದರು. ಬೆರಳ ಸುತ್ತ ಬೆಳ್ಳಗೆ ಒಂದು ಕಾಲುವೆ ಉಳಿಯಿತು. ಕಾಸು ಮುಟ್ಟಲಿಲ್ಲ, ತುಂಡುಗಳನ್ನು ಅಮ್ಮನ ಅಂಗೈಗೆ ಕೊಟ್ಟು ಹೋದರು. ಮುತ್ತೈದೆಯರಿರುವ ಮನೆಗಳಿಗೆ ಒಂದು ಮಾತು: ಪಾದದಲ್ಲಿ ಗಾಯವಾದ ದಿನವೇ, ಬೆರಳು ಊದುವ ಮುಂಚೆ, ಕಾಲುಂಗುರ ಸಡಿಲಿಸಿಡಿ. ಆಗ ಅದು ಬರೀ ಸೋಪಿನ ಕೆಲಸ.

ಹೊರಡುವ ಹೊತ್ತಿಗೆ ಮೇ 10ರ ಬಿಗಿ ಲಾಕ್‌ಡೌನ್ ಶುರುವಾಗಿತ್ತು. 108ಕ್ಕೆ ಕರೆ ಮಾಡಿದಾಗ ಉಸಿರಾಟದ ತೊಂದರೆಯವರೇ ಸಾಲಿನಲ್ಲಿದ್ದಾರೆ, ಕಾಯಬೇಕಾಗುತ್ತದೆ ಎಂದರು. ಪರಿಚಯದವರ ಕಾರು ಬಾಡಿಗೆಗೆ ಹಿಡಿದೆ. ಮಾಮೂಲಿನ ದುಪ್ಪಟ್ಟು, ಐದು ಸಾವಿರ. ದಾರಿಯಲ್ಲಿ ಪೊಲೀಸರು ತಡೆದ ಕಡೆಯಲ್ಲೆಲ್ಲ ಡಾಕ್ಟರ ಚೀಟಿ, ಅಮ್ಮನ ಆಧಾರ್, ಹಳೆಯ ಆಸ್ಪತ್ರೆ ಪುಸ್ತಕ ತೋರಿಸಿದೆ. ಒಬ್ಬರು ಮಾತ್ರ "ಕಾಲು ನೋವಿಗೆಲ್ಲ ಯಾಕ್ರೀ ಹೊರಟಿರಿ" ಎಂದು ಗದರಿದರು. ಅಮ್ಮ ಹಿಂದಿನ ಸೀಟಿನಿಂದ ಪಟ್ಟಿ ಕಟ್ಟಿದ ಕಾಲನ್ನೇ ಕಿಟಕಿಯವರೆಗೆ ಎತ್ತಿದಳು. ಬಿಟ್ಟರು.

ಮೊದಲು ಹೋದ ಆಸ್ಪತ್ರೆಯಲ್ಲಿ ಬಾಗಿಲಿನಿಂದಲೇ ವಾಪಸು ಕಳಿಸಿದರು. ಹಾಸಿಗೆಗಳೆಲ್ಲ ಕೋವಿಡ್‌ಗೆ ಮೀಸಲು, ಬೇರೆ ರೋಗಿಗಳನ್ನು ಸೇರಿಸಿಕೊಳ್ಳುತ್ತಿಲ್ಲ. ಎರಡನೆಯ ಕಡೆ ನಮ್ಮ ಡಾಕ್ಟರು ಮೊದಲೇ ಮಾತನಾಡಿದ್ದರಿಂದ ಒಳಗೆ ಬಿಟ್ಟರು. ಆದರೆ ಆರ್‌ಟಿ-ಪಿಸಿಆರ್ ವರದಿ ಬರದೆ ವಾರ್ಡ್ ಇಲ್ಲ. ರ್‍ಯಾಪಿಡ್ ಪರೀಕ್ಷೆಯಲ್ಲಿ ನೆಗೆಟಿವ್ ಬಂದರೂ ಅದನ್ನು ಅವರು ಒಪ್ಪಲಿಲ್ಲ. ವರದಿ ಬರಲು ಒಂದು ದಿನದ ಮೇಲೆ ಹಿಡಿಯಿತು. ಅಷ್ಟು ಹೊತ್ತು ತುರ್ತು ವಿಭಾಗದ ಪಕ್ಕದ ಪರದೆ ಕಟ್ಟಿದ ಜಾಗದಲ್ಲಿ ಅಮ್ಮ, ಹೊರಗೆ ನಾನು. ಆಚೆ ಬದಿಯಿಂದ ಕೆಮ್ಮು, ಆಕ್ಸಿಜನ್ ಸಿಲಿಂಡರ್ ಉರುಳಿಸುವ ಸದ್ದು. ಕಾಲು ಉಳಿಸಲು ಕರೆತಂದು ಜೀವಕ್ಕೇ ಕುತ್ತು ತರುತ್ತಿದ್ದೇನೆಯೇ ಎಂಬ ಪ್ರಶ್ನೆ ಆ ರಾತ್ರಿಯೆಲ್ಲ ನನ್ನನ್ನು ತಿಂದಿತು. ಒಂದು ಸಮಾಧಾನವೆಂದರೆ, ವರದಿಗೆ ಕಾಯುವಾಗಲೂ ರಕ್ತನಾಳಕ್ಕೆ ಆಂಟಿಬಯೋಟಿಕ್ ಮತ್ತು ಇನ್ಸುಲಿನ್ ಶುರು ಮಾಡಿದ್ದರು. ನೀವೂ ಅದನ್ನು ಬಾಯಿಬಿಟ್ಟು ಕೇಳಿ. ವಾರ್ಡ್ ಸಿಗುವವರೆಗೆ ಔಷಧ ಕಾಯಬೇಕಾಗಿಲ್ಲ.

ನೆಗೆಟಿವ್ ಬಂದ ಮೇಲೆ ಪರೀಕ್ಷೆಗಳು ಬೇಗ ಬೇಗ ನಡೆದವು. ಮೀನಿನ ಗಾಳದ ದಾರದಂಥ ನೈಲಾನ್ ಎಳೆಯನ್ನು ಪಾದದ ಬೇರೆ ಬೇರೆ ಕಡೆ ಬಾಗುವಷ್ಟು ಒತ್ತಿ, "ಗೊತ್ತಾಯಿತಾ ಅಮ್ಮ?" ಎಂದು ಕೇಳಿದರು. ಅಮ್ಮ ಕಣ್ಣು ಮುಚ್ಚಿಕೊಂಡು, ಶುರು ಮಾಡಿ ಎಂದು ಕಾಯುತ್ತಿದ್ದಳು, ಪರೀಕ್ಷೆ ಮುಗಿದೇಹೋಗಿತ್ತು. ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರವನ್ನು ಮೇಲ್ಪಾದದ ಮೇಲಿಟ್ಟಾಗ ರಕ್ತ ಹರಿಯುವ ಸುಯ್ ಸುಯ್ ಸದ್ದು ಕೇಳಿಸಿತು. ಸರ್ಜನ್ನರ ಮುಖ ಮೊದಲ ಸಲ ಸಡಿಲವಾಯಿತು. ರಕ್ತ ಸಂಚಾರ ಚೆನ್ನಾಗಿದ್ದರೆ ಗಾಯ ಮಾಯುವ ಭರವಸೆ ಇದೆ. ಇಲ್ಲದಿದ್ದರೆ ಮೊದಲು ರಕ್ತನಾಳದ ಚಿಕಿತ್ಸೆಯಾಗಬೇಕು ಎಂದು ವಿವರಿಸಿದರು. ಎಕ್ಸ್‌ರೇಯಲ್ಲಿ ಎರಡನೇ ಬೆರಳಿನ ಮೂಳೆ ತಿಂದುಹೋಗಿತ್ತು. ಬೆರಳು ತೆಗೆಯಬೇಕು, ಕೊಳೆತ ಮಾಂಸ ಕೆರೆಯಬೇಕು, ತಡ ಮಾಡಿದರೆ ಪಾದದ ಮುಂಭಾಗವೇ ಹೋಗಬಹುದು ಎಂದರು. ಸಹಿ ಹಾಕಿದೆ. ಇಡೀ ಮೈಗೆ ಅರಿವಳಿಕೆ ಕೊಡದೆ, ಕಣಕಾಲಿನ ಸುತ್ತ ಇಂಜೆಕ್ಷನ್ ಕೊಟ್ಟು ಪಾದವನ್ನಷ್ಟೇ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಒಳಗಿನ ಮಾಂಸದ ಚೂರನ್ನು ಕಲ್ಚರ್‌ಗೆ, ಅಂದರೆ ಯಾವ ರೋಗಾಣು ಎಂದು ಪತ್ತೆಹಚ್ಚುವ ಪರೀಕ್ಷೆಗೆ, ಕಳಿಸಿ, ವರದಿ ಬಂದ ಮೇಲೆ ಆಂಟಿಬಯೋಟಿಕ್ ಬದಲಿಸಿದರು.

ಖರ್ಚಿನ ವಿಷಯ. ಬಿಲ್ ಒಟ್ಟು ಎಪ್ಪತ್ತು ಸಾವಿರದ ಹತ್ತಿರ ಬಂತು. 2021ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತಿತ್ತು. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಗಮನಿಸಿ, ಶೇ 30 ಎನ್ನುವುದು ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರಕ್ಕೆ, ನಿಮ್ಮ ಕೈಗೆ ಬಂದ ಬಿಲ್ಲಿಗಲ್ಲ. ನಾನು ಮನಸ್ಸಿನಲ್ಲೇ ಹಾಕಿದ್ದ ಲೆಕ್ಕಕ್ಕೂ ಬಂದ ಹಣಕ್ಕೂ ಅಜಗಜಾಂತರವಿತ್ತು. ಸಾಮಾನ್ಯವಾಗಿ ಇದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಿತ್ತು. ತುರ್ತು ಎಂದು ವೈದ್ಯರು ಬರೆದರೆ ಪತ್ರವಿಲ್ಲದೆಯೂ ಆಗುತ್ತಿತ್ತು. ಹಾಗಾಗಿ ದಾಖಲಾಗುವ ದಿನವೇ ಆರೋಗ್ಯಮಿತ್ರರ, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರ, ಮೇಜು ಹುಡುಕಿ. ಬಿಡುಗಡೆಯ ದಿನ ಹೋದರೆ ಏನೂ ಗಿಟ್ಟುವುದಿಲ್ಲ. ನಮ್ಮ ತೊಡಕು ಬೇರೆಯದು. ಪಡಿತರ ಚೀಟಿಯಲ್ಲಿ ಅಮ್ಮನ ತವರಿನ ಹೆಸರು, ಆಧಾರ್‌ನಲ್ಲಿ ಮದುವೆಯಾದ ಮೇಲೆ ಇಟ್ಟ ಹೆಸರು. ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡುವುದರಲ್ಲಿ ಅರ್ಧ ದಿನ ಹೋಯಿತು. ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗಿದ್ದರಿಂದ ಕೊನೆಗೆ ಸಂಖ್ಯೆ ಹೊಂದಿ, ಕೆಲಸವಾಯಿತು.

ಮನೆಗೆ ಬಂದ ಮೇಲೆ ಮತ್ತೆ ಡ್ರೆಸ್ಸಿಂಗ್. ಇಂಥ ಗಾಯಕ್ಕೆ ಪಾದ ಪೂರ್ತಿ ಆವರಿಸುವ ಪ್ಲಾಸ್ಟರ್ ಹಾಕುವುದು ಒಳ್ಳೆಯದಂತೆ, ಆದರೆ ಅದನ್ನು ಮೇಲಿಂದ ಮೇಲೆ ಬಂದು ಬದಲಿಸಿಕೊಳ್ಳಬೇಕು. ಲಾಕ್‌ಡೌನ್‌ನಲ್ಲಿ ಅದು ಆಗದ ಮಾತು. ಹಿಮ್ಮಡಿಯ ಮೇಲೆ ಮಾತ್ರ ನಡೆಯುವಂತೆ ಮುಂದಿನ ಭಾಗ ಎತ್ತಿರುವ ಒಂದು ಚಪ್ಪಲಿ ಮತ್ತು ವಾಕರ್ ಕೊಟ್ಟು ಕಳಿಸಿದರು. ಜೂನ್ ಶುರುವಿನಲ್ಲಿ ನನಗೇ ಜ್ವರ ಬಂದು ಪಾಸಿಟಿವ್ ಆಯಿತು. ತೋಟದ ಮನೆಗೆ ಹೋಗಿ ಮಲಗಿದೆ. ಹೆಂಡತಿ ಅದುವರೆಗೆ ಗಾಯದ ಕಡೆ ಕಣ್ಣೆತ್ತಿ ನೋಡಿದವಳಲ್ಲ, ರಕ್ತ ಕಂಡರೆ ತಲೆ ಸುತ್ತುತ್ತದೆ ಎನ್ನುವವಳು. ವಿಡಿಯೊ ಕರೆಯಲ್ಲಿ ನಾನು ಹೇಳುತ್ತಾ ಹೋದೆ, ಅವಳು ಮಾಡುತ್ತಾ ಹೋದಳು. ಮೂರನೇ ದಿನ "ನೀವು ಸುಮ್ಮನಿರಿ, ನನಗೆ ಗೊತ್ತು" ಎಂದು ಕರೆ ಕತ್ತರಿಸಿದಳು. ಅಮ್ಮನನ್ನು ನೆಲಕ್ಕೆ ಕಾಲೂರದಂತೆ ಕೂರಿಸುವುದು ನನ್ನಿಂದ ಆಗಿರಲಿಲ್ಲ. ಹೆಂಡತಿ ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಮೊಮ್ಮಗಳ ಪಾಠ ಒಪ್ಪಿಸಿಕೊಳ್ಳುವುದು ಎಲ್ಲವನ್ನೂ ಮಂಚದ ಬಳಿಗೇ ತಂದಿಟ್ಟಳು. "ಅತ್ತೆ, ಇಳಿದರೆ ನೋಡಿ" ಎಂಬ ಒಂದು ಮಾತು ಸಾಕಾಗುತ್ತಿತ್ತು. ಗಾಯ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಅವಳ ಪಾಳಿಯಲ್ಲೇ. ಒಂದು ಮಾತು ನೆನಪಿರಲಿ: ಡ್ರೆಸ್ಸಿಂಗ್ ಕಲಿತವರು ಮನೆಯಲ್ಲಿ ಇಬ್ಬರಿರಬೇಕು.

ಗಾಯ ಮುಚ್ಚುತ್ತಾ ಬಂದಾಗ ಎಂಸಿಆರ್ ಚಪ್ಪಲಿ ಮಾಡಿಸಲು ಹೇಳಿದರು. ಮೆತ್ತನೆಯ ವಿಶೇಷ ರಬ್ಬರಿನ ಪದರವಿರುವ, ಮೊಳೆ ಹೊಡೆಯದೆ ಅಂಟಿಸಿ ಮಾಡುವ ಚಪ್ಪಲಿ. ಹಿಂದೆ ಪಟ್ಟಿಯೂ ಇರುತ್ತದೆ, ಕಾಲಿನಿಂದ ಜಾರಿಹೋಗದಂತೆ. ಪಾದವನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಗಾಯದ ಜಾಗ ಗುರುತು ಮಾಡಿ ಕೊಟ್ಟೆವು. ಸಾವಿರದ ಐನೂರು ರೂಪಾಯಿ. ತಯಾರಾಗಲು ವಾರಗಳೇ ಹಿಡಿದವು. ಬಂದದ್ದೇ ಮತ್ತೊಂದು ತಕರಾರು. ಮನೆಯೊಳಗೂ ಹಾಕಿಕೊಳ್ಳಬೇಕು ಎಂದಿದ್ದರು ಡಾಕ್ಟರು. ನಡುಮನೆಯಲ್ಲಿ ಚಪ್ಪಲಿ ಮೆಟ್ಟಿ ಓಡಾಡುವುದು, ಅದೂ ಒಲೆಯ ಮುಂದೆ, ಅಮ್ಮನಿಗೆ ಊಹೆಗೂ ನಿಲುಕದ ಮಾತು. ಕೊನೆಗೆ ಎರಡನೇ ಜೊತೆ ಮಾಡಿಸಿದೆವು, ಹೊಸಿಲು ದಾಟದ ಜೊತೆ. ಅದನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅಟ್ಟದ ಮೆಟ್ಟಿಲ ಮೇಲೆ ಒಣಗಿಸುವುದು ಅಪ್ಪನ ಕೆಲಸ. ದೇವರ ಮನೆಗೆ ಮಾತ್ರ ರಾಜಿಯಿಲ್ಲ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಪೂಜೆ ಮಾಡುತ್ತಾಳೆ. ನಿಮ್ಮ ಮನೆಯಲ್ಲೂ ಈ ಜಗಳ ಆಗೇ ಆಗುತ್ತದೆ, ಆದ್ದರಿಂದ ಅಳತೆ ಕೊಡುವ ದಿನವೇ ಎರಡು ಜೊತೆ ಹೇಳಿಬಿಡಿ. ಎರಡನೆಯದಕ್ಕೆ ನಾವು ಮತ್ತೆ ಅಷ್ಟೇ ವಾರ ಕಾದೆವು.